ಮೊದಲ ಸಲ ಚೆರ್ರಿ ಹಣ್ಣು, ಎರಡನೇ ಸಲ ಕೆಮ್ಮಿನ ಸಿರಪ್!

ಪ್ರಶ್ನೆ: ನನಗೆ ಫ್ಲೇವರ್ಡ್ ಬಿಯರ್ ಅಂದ್ರೆ ಇಷ್ಟ. ಕುಡಿದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಅಂಕ ಕೊಡುತ್ತೇನೆ. ಗೆಳೆಯರಿಗೂ ಓದಲು ಕೊಡುತ್ತೇನೆ. ಈಚೆಗೆ ನನ್ನ ಮೇಲೇ ನನಗೆ ಅನುಮಾನ ಶುರುವಾಗಿದೆ. ಒಂದು ಚೆರ್ರಿ ಬಿಯರ್‌ಗೆ ಹತ್ತಕ್ಕೆ ಎಂಟು ಕೊಟ್ಟು 'ಹಣ್ಣನ್ನೇ ಕಚ್ಚಿದ ಹಾಗಿದೆ' ಎಂದು ಬರೆದಿದ್ದೆ. ಅವತ್ತು ಫ್ರಿಜ್‌ನಿಂದ ತೆಗೆದು ಕ್ಯಾನ್‌ನಿಂದಲೇ ಕುಡಿದಿದ್ದೆ. ಮೂರು ತಿಂಗಳಾದ ಮೇಲೆ ಗೆಳೆಯನ ಜೊತೆ ಆರು ಸ್ಯಾಂಪಲ್ ಇಟ್ಟುಕೊಂಡು ಕೂತೆವು. ನಾಲ್ಕು ಬಿಯರ್, ಎರಡು ಫ್ಲೇವರ್ಡ್ ವೋಡ್ಕಾ. ಕ್ಯಾನ್‌ಗಳನ್ನು ಅರ್ಧರ್ಧ ಗ್ಲಾಸಿಗೆ ಹಾಕಿಕೊಂಡೆವು, ವೋಡ್ಕಾ ತಲಾ 30 ಎಂಎಲ್. ಪೈನಾಪಲ್ ವೋಡ್ಕಾ ಆದ ಮೇಲೆ ಐದನೆಯದಾಗಿ ಅದೇ ಚೆರ್ರಿ ಬಿಯರ್ ಬಂತು. ಪಕ್ಕಾ ಕೆಮ್ಮಿನ ಸಿರಪ್! ನಾಲ್ಕು ಅಂಕ ಕೊಟ್ಟೆ. 'ಇದೆಲ್ಲ ಬಿಯರೇ ಅಲ್ಲ, ಬರೀ ಎಸೆನ್ಸ್. ಇದಕ್ಕೇನು ವಿಮರ್ಶೆ?' ಎಂದು ಗೆಳೆಯ ನಕ್ಕ. ರಾಸ್‌ಬೆರಿ ಬಿಯರ್‌ನಲ್ಲಿ ಅವನಿಗೆ ಹೂವಿನ ಘಮ ಸಿಗುತ್ತದಂತೆ, ನನಗೆ ಎಷ್ಟು ಮೂಸಿದರೂ ಇಲ್ಲ. ಮರುದಿನ ಬೆಳಿಗ್ಗೆ ತಲೆನೋವು ಬೇರೆ. ಅದು ಫ್ಲೇವರ್ ಕೆಮಿಕಲ್‌ನಿಂದ ಅಲ್ವಾ? ನನ್ನ ನಾಲಿಗೆಯೇ ಸರಿಯಿಲ್ಲವಾ? ವೈನ್‌ನವರ ಹಾಗೆ ಉಗುಳಬೇಕಾ? ಉಳಿದ ಕ್ಯಾನ್‌ಗಳನ್ನು ಕಪಾಟಿನಲ್ಲಿ ಇಟ್ಟರೆ ನಡೆಯುತ್ತಾ?

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಎರಡು ಸಲವೂ ನೀವು ಬರೆದದ್ದು ನಿಮಗೆ ಸಿಕ್ಕ ರುಚಿಯನ್ನೇ. ಪಾನೀಯಗಳ ರುಚಿ ಪರೀಕ್ಷೆ ನನ್ನ ಹೊಟ್ಟೆಪಾಡು. ತರಬೇತಿ ಪಡೆದ ಪರೀಕ್ಷಕರೂ ಇಂಥ ಪರಿಸ್ಥಿತಿಯಲ್ಲಿ ಎಂಟರಿಂದ ನಾಲ್ಕಕ್ಕೆ ಜಾರುವುದನ್ನು ನೋಡುತ್ತಲೇ ಇರುತ್ತೇನೆ. ಫ್ಲೇವರ್ ಇರುವ ಡ್ರಿಂಕ್‌ಗಳಲ್ಲಿ ನಮ್ಮನ್ನು ದಾರಿ ತಪ್ಪಿಸುವವು ಮುಖ್ಯವಾಗಿ ಎರಡು: ಸಕ್ಕರೆ ಮತ್ತು ಲೇಬಲ್. ಇವೆರಡನ್ನೂ ಪಕ್ಕಕ್ಕಿಟ್ಟು ರುಚಿ ನೋಡುವುದು ಗೊತ್ತಾದರೆ ನಿಮ್ಮ ಅರ್ಧ ಅನುಮಾನ ಕಳೆಯುತ್ತದೆ. ಅದಕ್ಕೂ ಮೊದಲು ನಿಮ್ಮ ಗೆಳೆಯರ ಮಾತನ್ನು ನೋಡೋಣ.

'ಇದು ಬಿಯರೇ ಅಲ್ಲ'

ಈ ವಾದ ಮಾಡುವವರು ಸಾಮಾನ್ಯವಾಗಿ ಜರ್ಮನಿಯ ಬವೇರಿಯಾದಲ್ಲಿ 1516ರಲ್ಲಿ ಬಂದ ಕಾನೂನನ್ನು ತೋರಿಸುತ್ತಾರೆ. ಬಾರ್ಲಿ, ಹಾಪ್ಸ್ (ಬಿಯರ್‌ಗೆ ಕಹಿ ಮತ್ತು ಘಮ ಕೊಡುವ ಒಂದು ಬಳ್ಳಿಯ ಹೂವು), ನೀರು, ಇಷ್ಟೇ ಇರಬೇಕು ಅನ್ನುತ್ತಿತ್ತು ಆ ಕಾನೂನು. ಬಿಯರನ್ನು ಹುದುಗಿಸುವ ಯೀಸ್ಟ್‌ನ ಹೆಸರೂ ಅದರಲ್ಲಿ ಇರಲಿಲ್ಲ. ಅದು ಒಂದು ಪ್ರದೇಶದ ಕಟ್ಟಳೆ. ಬಿಯರ್ ಕುಡಿಯುವ ಎಲ್ಲರೂ ಅದಕ್ಕೆ ತಲೆಬಾಗಿದ್ದೇನೂ ಇಲ್ಲ. ಹಾಪ್ಸ್ ಬಳಕೆಗೆ ಬರುವ ಮುಂಚೆ ಯುರೋಪಿನ ಹಲವು ಕಡೆ 'ಗ್ರೂಟ್' ಎಂಬ ಸೊಪ್ಪುಗಳ ಮಿಶ್ರಣ ಹಾಕಿಯೇ ಬಿಯರ್ ಮಾಡುತ್ತಿದ್ದರು. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಗಾಳಿಯಲ್ಲಿರುವ, ಮರದ ಪೀಪಾಯಿಯಲ್ಲಿರುವ ಯೀಸ್ಟ್‌ನಿಂದಲೇ ಹುದುಗುವ ಲ್ಯಾಂಬಿಕ್ ಬಿಯರ್ ಇದೆ. ಅದಕ್ಕೆ ಹುಳಿ ಚೆರ್ರಿ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಕ್ರೀಕ್ ಆಗುತ್ತದೆ. ಅದೇ ಬೆಲ್ಜಿಯಂನ ಹೂಗಾರ್ಡನ್ ಊರಿನಲ್ಲಿ ನಿಂತೇ ಹೋಗಿದ್ದ ಗೋಧಿ ಬಿಯರನ್ನು ಪಿಯರ್ ಸೆಲಿಸ್ 1960ರ ದಶಕದಲ್ಲಿ ಮತ್ತೆ ಶುರು ಮಾಡಿದರು. ಅದಕ್ಕೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೀಳುತ್ತದೆ. ಇವನ್ನೆಲ್ಲ ಬಿಯರ್ ಅಲ್ಲ ಅನ್ನುವುದಾದರೆ ಬಿಯರ್ ಚರಿತ್ರೆಯ ಒಳ್ಳೆಯ ಪಾಲು ಹೊರಗೇ ಉಳಿಯುತ್ತದೆ.

ಇನ್ನೊಂದು ಮಾತು. ಹಣ್ಣಿನ ವಾಸನೆ ಬಂತು ಅಂದರೆ ಹಣ್ಣೋ ಎಸೆನ್ಸೋ ಹಾಕಿರಲೇಬೇಕು ಅಂತೇನೂ ಇಲ್ಲ. ಬವೇರಿಯಾದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದಲ್ಲ, ಅವೆರಡನ್ನೂ ಮಾಡುವುದು ಯೀಸ್ಟ್. ಬಾಳೆಹಣ್ಣಿನದು ಐಸೋಅಮೈಲ್ ಅಸಿಟೇಟ್ ಎಂಬ ವಸ್ತು. (ಜೇನುನೊಣಗಳು ಕುಟುಕುವಾಗ ಉಳಿದ ನೊಣಗಳಿಗೆ ಅಪಾಯದ ಸುಳಿವು ಕೊಡಲು ಬಿಡುವುದೂ ಇದನ್ನೇ. ಜೇನುಗೂಡಿನ ಹತ್ತಿರ ಗೋಧಿ ಬಿಯರ್ ಬೇಡ!) ಸಿಟ್ರಾ, ಕ್ಯಾಸ್ಕೇಡ್‌ನಂಥ ಹಾಪ್ಸ್ ತಳಿಗಳು ಒಂದು ಹನಿ ರಸವಿಲ್ಲದೆ ಕಿತ್ತಳೆ, ಚಕ್ಕೋತ, ಮಾವಿನ ಘಮ ಕೊಡುತ್ತವೆ.

ಆದರೂ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸಪ್ಪೆ ಲಾಗರ್ (ಎಲ್ಲ ಕಡೆ ಸಿಗುವ ತಿಳಿ ಬಿಯರ್) ತೆಗೆದುಕೊಂಡು, ಸಿಹಿ ಮತ್ತು ಎಸೆನ್ಸ್ ಸುರಿದು, ಮೇಲೆ ಹಣ್ಣಿನ ಚಿತ್ರ ಅಂಟಿಸಿ ಮಾರುವುದೂ ನಡೆಯುತ್ತದೆ. ಅದಕ್ಕೆ ವಿಮರ್ಶೆ ಇನ್ನೂ ಜಾಸ್ತಿ ಬೇಕು ಅನ್ನುತ್ತೇನೆ ನಾನು. ದುಡ್ಡು ಕೊಡುವವನಿಗೆ ಒಳಗೇನಿದೆ ಅಂತ ಗೊತ್ತಾಗಬೇಕಲ್ವಾ?

ಚೆರ್ರಿ ಸಿರಪ್ ಆದದ್ದು ಹೇಗೆ

ಚೆರ್ರಿ ಅಂದಾಗ ನಮ್ಮ ತಲೆಗೆ ಬರುವ ಆ ವಾಸನೆಯ ಬಹುಪಾಲು ಬೆಂಜಾಲ್ಡಿಹೈಡ್ ಎಂಬ ಒಂದೇ ವಸ್ತುವಿನದು. ಕಹಿ ಬಾದಾಮಿಯ ವಾಸನೆಯೂ ಅದೇ. ಚೆರ್ರಿ ಬೀಜ ಒಡೆದು ಮೂಸಿದರೆ ಗೊತ್ತಾಗುತ್ತದೆ. ಬೀಜದ ಸಮೇತ ಹಣ್ಣನ್ನು ನೆನೆಹಾಕಿದ ಕ್ರೀಕ್‌ನಲ್ಲೂ ಬಾದಾಮಿಯಂಥ ಒಂದು ಎಳೆ ಇರುತ್ತದೆ. ಚೆರ್ರಿ ರುಚಿಯ ಮಿಠಾಯಿಗೂ, ಕೆಮ್ಮಿನ ಔಷಧಿಗೂ ಹಾಕುವುದು ಇದನ್ನೇ. ಹಾಗಾಗಿ 'ಸಿರಪ್ ಥರ ಇದೆ, ಆದ್ದರಿಂದ ನಕಲಿ' ಅನ್ನುವ ತೀರ್ಪು ನಿಲ್ಲುವುದಿಲ್ಲ. ಬೀಜದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಬೆಂಜಾಲ್ಡಿಹೈಡ್ ಬೆಂಜಾಲ್ಡಿಹೈಡೇ. ಮೂಗಿಗೆ ಅದರ ಜಾತಕ ಗೊತ್ತಾಗುವುದಿಲ್ಲ.

ಮೂಗಿಗೆ ಗೊತ್ತಾಗುವುದು ಅದರ ಜೊತೆಗಾರರು ಇದ್ದಾರೋ ಇಲ್ಲವೋ ಅನ್ನುವುದು. ನಿಜವಾದ ಹಣ್ಣಿನಲ್ಲಿ ಹತ್ತಾರು ಪರಿಮಳದ ವಸ್ತುಗಳು, ಹುಳಿ, ಸಿಪ್ಪೆಯ ಒಗರು ಎಲ್ಲ ಸೇರಿರುತ್ತವೆ. ಬರೀ ಎಸೆನ್ಸ್ ಹಾಕಿದ್ದರಲ್ಲಿ ಒಂದೋ ಎರಡೋ ಪರಿಮಳ ಜೋರಾಗಿ ಕೂಗುತ್ತವೆ, ಸುತ್ತ ಖಾಲಿ. ಮೊದಲ ಗುಟುಕಿನಲ್ಲಿ ಅಬ್ಬರ, ನುಂಗಿದ ಮೇಲೆ ಏನೂ ಇಲ್ಲ.

ಈಗ ಸಕ್ಕರೆಯ ಕಥೆ. ಬಿಯರ್ ಹುದುಗುತ್ತಿರುವಾಗ ನಿಜವಾದ ಹಣ್ಣು ಹಾಕಿದರೆ ಅದರ ಸಕ್ಕರೆಯ ಬಹುಪಾಲನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಉಳಿಯುವುದು ಹಣ್ಣಿನ ಹುಳಿ, ಬಣ್ಣ, ಒಂದಿಷ್ಟು ಘಮ. ಅದಕ್ಕೇ ಸಾಂಪ್ರದಾಯಿಕ ಕ್ರೀಕ್ ಮೊದಲ ಸಲ ಕುಡಿದವರು ಮುಖ ಹಿಂಡುತ್ತಾರೆ. ಹಣ್ಣು ಅಂದರೆ ಸಿಹಿ ಅಂತ ಕಾಯುತ್ತಿದ್ದ ನಾಲಿಗೆಗೆ ಹುಳಿ ಬಡಿಯುತ್ತದೆ. ಫ್ಲೇವರ್ಡ್ ಬಿಯರ್ ಕುಡಿಯಲು ಹಣ್ಣಿನ ಶರಬತ್ತಿನಷ್ಟು ಸಿಹಿ ಇದ್ದರೆ ಸಾಮಾನ್ಯವಾಗಿ ಆ ಸಿಹಿ ಹುದುಗಿದ ಮೇಲೆ ಬಂದದ್ದು. ರಸವೋ ಸಿರಪ್ಪೋ ಸೇರಿಸಿ ಪಾಶ್ಚರೀಕರಿಸಿರಬಹುದು (ಅಂದರೆ ಬಿಸಿ ಮಾಡಿ ಯೀಸ್ಟ್ ಕೊಂದಿರಬಹುದು), ಅಥವಾ ಯೀಸ್ಟ್ ತಿನ್ನಲಾಗದ ಲ್ಯಾಕ್ಟೋಸ್ (ಹಾಲಿನ ಸಕ್ಕರೆ), ಸುಕ್ರಲೋಸ್‌ನಂಥ ಕೃತಕ ಸಿಹಿ ಹಾಕಿರಬಹುದು. ಅದೇನೂ ಅಪರಾಧವಲ್ಲ. ಬಿಯರ್ ಜೊತೆ ನಿಂಬೆ ಪಾನೀಯ ಬೆರೆಸುವ ರಾಡ್ಲರ್ ತನ್ನ ಸಿಹಿಯನ್ನು ಮುಚ್ಚಿಡುವುದೂ ಇಲ್ಲ. ಆದರೆ ಸಿಹಿ ಇದ್ದಾಗ ಮಿದುಳು ಹಣ್ಣಿನ ಘಮವನ್ನು ಇರುವುದಕ್ಕಿಂತ ಜಾಸ್ತಿ ಎಂದು ಲೆಕ್ಕ ಹಾಕುತ್ತದೆ. ಹಿಂದುಮುಂದಾಗಿಯೂ ಇದು ನಡೆಯುತ್ತದೆ: ವೆನಿಲಾ, ಸ್ಟ್ರಾಬೆರಿ ವಾಸನೆ ಬಂದರೆ ಸಪ್ಪೆಯದೂ ಸಿಹಿ ಅನಿಸುತ್ತದೆ.

ಇಷ್ಟು ಗೊತ್ತಾದ ಮೇಲೆ ನಿಮ್ಮ ಎರಡು ಸಂಜೆಗಳನ್ನು ನೋಡಿ. ಮೊದಲ ಸಲ ಕ್ಯಾನ್‌ನಿಂದಲೇ ಕುಡಿದಿರಿ. ಮೂಗಿಗೆ ಸಿಕ್ಕಿದ್ದು ಕ್ಯಾನ್‌ನ ಸಣ್ಣ ಬಾಯಿಯಿಂದ ಬಂದಷ್ಟೇ. ಫ್ರಿಜ್‌ನ ತಣ್ಣಗೆ ಪರಿಮಳ ಮೇಲೇಳುವುದೂ ಕಡಿಮೆ, ಆದ್ದರಿಂದ ಒರಟು ಮೂಲೆಗಳು ಕಾಣಲಿಲ್ಲ. ಕೈಯಲ್ಲಿದ್ದ ಕ್ಯಾನ್ ಮೇಲೆ ಕೆಂಪು ಚೆರ್ರಿಯ ಚಿತ್ರ ಇದ್ದಿರಬೇಕು, ಉಳಿದದ್ದನ್ನು ಮಿದುಳು ತುಂಬಿಕೊಂಡಿತು. ಎರಡನೇ ಸಲ ಗ್ಲಾಸ್ ಇತ್ತು, ಬಿಯರ್ ಸ್ವಲ್ಪ ಬೆಚ್ಚಗಾಗಿಯೂ ಇದ್ದಿರಬೇಕು. ಅದಕ್ಕಿಂತ ಮುಖ್ಯವಾಗಿ ಹಿಂದಿನ ಗುಟುಕು ಪೈನಾಪಲ್ ವೋಡ್ಕಾ. ಅಂಥವುಗಳಲ್ಲಿ ಬಹಳಷ್ಟು ಸಿಹಿಯಾಗಿಯೇ ಇರುತ್ತವೆ. ಸಿಹಿಗೆ ಒಗ್ಗಿಹೋದ ನಾಲಿಗೆಗೆ ಮುಂದಿನದು ಕಡಿಮೆ ಸಿಹಿ, ಜಾಸ್ತಿ ಹುಳಿ ಅನಿಸುತ್ತದೆ. ಚೆರ್ರಿಯ ಸಿಹಿ ಹಿಂದೆ ಸರಿಯಿತು. ಸಿಹಿಯ ಆಸರೆ ಹೋದ ಕೂಡಲೇ ಬೆಂಜಾಲ್ಡಿಹೈಡ್ ಒಂಟಿಯಾಗಿ ಎದ್ದು ನಿಂತಿತು. ಅದನ್ನು ನಿಮ್ಮ ನೆನಪು ಔಷಧಿಯ ಬಾಟಲಿಗೆ ಜೋಡಿಸಿತು. ಜೊತೆಗೆ ಮೂರು ತಿಂಗಳ ವಯಸ್ಸು. ಹೊರಗೆ ಬೆಚ್ಚಗಿನ ಜಾಗದಲ್ಲಿ ಇದ್ದ ಕ್ಯಾನ್ ಆಗಿದ್ದರೆ ತಾಜಾ ಹಣ್ಣಿನ ಲಘು ಪರಿಮಳಗಳು ಮೊದಲು ಸೋತಿರುತ್ತವೆ.

ಹಾಗಾದರೆ ಎಂಟು ಸರಿಯೋ ನಾಲ್ಕು ಸರಿಯೋ? ಎರಡರ ಸರಾಸರಿ ತೆಗೆದು ಆರು ಅನ್ನಬೇಡಿ. ಎರಡೂ ಪುಸ್ತಕದಲ್ಲಿ ಇರಲಿ. ಪಕ್ಕದಲ್ಲಿ 'ಕ್ಯಾನ್‌ನಿಂದ, ಒಂಟಿಯಾಗಿ', 'ಐದನೆಯದು, ವೋಡ್ಕಾ ಆದ ಮೇಲೆ' ಎಂದು ಬರೆಯಿರಿ. ಓದುವವರಿಗೆ ಅಂಕಕ್ಕಿಂತ ಈ ಟಿಪ್ಪಣಿಯೇ ಉಪಯೋಗಕ್ಕೆ ಬರುತ್ತದೆ.

ಮೂಗು, ನಾಲಿಗೆ, ಕಣ್ಣು

ಮೂಗು ಹಿಡಿದುಕೊಂಡು ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಿ. ಸಿಹಿ, ಹುಳಿ, ಕಹಿ, ಗ್ಯಾಸಿನ ಚುರುಕು, ಇಷ್ಟೇ ಸಿಗುತ್ತದೆ. ಚೆರ್ರಿಯೋ ಪೀಚೋ ಹೇಳಲಾಗುವುದಿಲ್ಲ. ಈಗ ಮೂಗು ಬಿಟ್ಟು ಉಸಿರು ಹೊರಗೆ ಬಿಡಿ. ಹಣ್ಣು ತಟ್ಟನೆ ಬರುತ್ತದೆ. ಬಾಯಿಯ ಹಿಂಬದಿಯಿಂದ ಮೂಗಿಗೆ ಹೋಗುವ ಗಾಳಿಯೇ ಅದನ್ನು ತರುವುದು. ಸಿಹಿ ಎಷ್ಟು, ಪರಿಮಳ ಎಷ್ಟು ಅಂತ ಬೇರೆ ಮಾಡಿ ನೋಡಲು ನನಗೆ ಗೊತ್ತಿರುವ ಅತಿ ಸುಲಭದ ಉಪಾಯ ಇದು. ಪ್ರತಿ ಫ್ಲೇವರ್ಡ್ ಡ್ರಿಂಕ್‌ಗೂ ಒಮ್ಮೆಯಾದರೂ ಮಾಡಿ. ಮೂಗು ಮುಚ್ಚಿದಾಗ ಬರೀ ಸಕ್ಕರೆ ನೀರು ಅನಿಸಿದರೆ ತಳದ ಬಿಯರ್‌ನಲ್ಲಿ ಸತ್ವ ಇಲ್ಲ ಎಂದೇ ಅರ್ಥ.

ನಾಲಿಗೆಯ ತುದಿ ಸಿಹಿಗೆ, ಹಿಂಭಾಗ ಕಹಿಗೆ ಅನ್ನುವ ನಕ್ಷೆ ಶಾಲೆಯಲ್ಲಿ ನೋಡಿರುತ್ತೀರಿ. ಅದು ತಪ್ಪು. 1901ರ ಒಂದು ಜರ್ಮನ್ ಅಧ್ಯಯನವನ್ನು ಆಮೇಲಿನವರು ತಪ್ಪಾಗಿ ಓದಿದ್ದರಿಂದ ಹುಟ್ಟಿಕೊಂಡದ್ದು. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಅಂಚಿಗೂ ಸಿಗುತ್ತದೆ. ಬಿಯರ್ ನುಂಗಿದರೆ ಮಾತ್ರ ಕಹಿ ಗೊತ್ತಾಗುತ್ತದೆ ಅನ್ನುವ ಮಾತು ಇದೇ ನಕ್ಷೆಯ ಕೂಸು.

ಇನ್ನು ಕಣ್ಣು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಿದ್ದರು. ಅವರು ಅದನ್ನು ವರ್ಣಿಸಲು ಬಳಸಿದ್ದು ಕೆಂಪು ವೈನಿನ ಪದಗಳನ್ನು. 2001ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅವರು ದಡ್ಡರಾಗಿರಲಿಲ್ಲ. ಕಣ್ಣು ಮೊದಲು ಹೇಳಿಬಿಟ್ಟರೆ ಮೂಗು ಹೂಂ ಅನ್ನುತ್ತದೆ, ಅಷ್ಟೇ. ಕೆಂಪು ಬಿಯರ್, ಚೆರ್ರಿಯ ಚಿತ್ರ ಎರಡೂ ಎದುರಿಗಿದ್ದರೆ ನೀವಾದರೂ ಏನು ಮಾಡುತ್ತೀರಿ?

ಹೂವಿನ ಘಮದ ವಿಷಯಕ್ಕೆ ಬಂದರೆ ನಿಮ್ಮ ಗೆಳೆಯರು ಸುಳ್ಳು ಹೇಳುತ್ತಿಲ್ಲ, ನಿಮ್ಮ ಮೂಗೂ ಕೆಟ್ಟಿಲ್ಲ. ರಾಸ್‌ಬೆರಿಯಲ್ಲಿ ಬೀಟಾ ಅಯೊನೋನ್ ಎಂಬ ವಸ್ತು ಇದೆ. ವಯಲೆಟ್ ಹೂವಿನ ಘಮ ಅದರದ್ದು. ಅದು ಸಿಗುವುದು, ಸಿಗದಿರುವುದು ಬಹುಮಟ್ಟಿಗೆ ಒಂದು ಜೀನ್ ಮೇಲೆ ನಿಂತಿದೆ. ಕೆಲವರಿಗೆ ಅದು ಹೂವು, ಕೆಲವರಿಗೆ ಏನೋ ಹುಳಿಹುಳಿ, ಇನ್ನು ಕೆಲವರಿಗೆ ಏನೂ ಇಲ್ಲ. ಎಷ್ಟು ಅಭ್ಯಾಸ ಮಾಡಿದರೂ ಇದು ಪೂರ್ತಿ ಬದಲಾಗುವುದಿಲ್ಲ. ಬೆಣ್ಣೆ ವಾಸನೆಯ ಡೈಅಸಿಟೈಲ್ ವಿಷಯದಲ್ಲೂ ಜನರ ನಡುವೆ ಇಂಥದೇ ದೊಡ್ಡ ವ್ಯತ್ಯಾಸ ಇದೆ. ಅದಕ್ಕೇ ಪರೀಕ್ಷಾ ತಂಡದಲ್ಲಿ ಒಬ್ಬರನ್ನೇ ನಂಬುವುದಿಲ್ಲ. ನಿಮಗೆ ಸಿಗದ ಘಮವನ್ನು ಬರೆಯಬೇಡಿ, ಸಾಕು.

ರುಚಿ ನೋಡುವ ಬಗೆ

ಒಂದು ಸಂಜೆಗೆ ನಾಲ್ಕು ಸ್ಯಾಂಪಲ್ ದಾಟಬೇಡಿ. ಬಿಯರ್ ಆದರೆ ಒಂದೊಂದೂ 30 ಎಂಎಲ್ ಸಾಕು. ಲಘುವಾದದ್ದು ಮೊದಲು, ಸಿಹಿ ಮತ್ತು ಖಡಕ್ ಆದದ್ದು ಕೊನೆಗೆ. ಪುದೀನ, ಮೆಣಸು, ಕಾಫಿ, ಹೊಗೆಯ ವಾಸನೆಯವು ಬಾಯಿಯಲ್ಲಿ ಗಟ್ಟಿಯಾಗಿ ಕೂರುತ್ತವೆ. ಅವು ಇದ್ದರೆ ಅದೇ ಆ ದಿನದ ಕೊನೆಯದಾಗಲಿ. ವೋಡ್ಕಾ ಮತ್ತು ಬಿಯರನ್ನು ಒಂದೇ ಸಾಲಿನಲ್ಲಿ ಇಡಲೇಬೇಡಿ. ನಡುವೆ ನೀರು, ಬೇಕಾದರೆ ಉಪ್ಪಿಲ್ಲದ ಸಪ್ಪೆ ಬ್ರೆಡ್. ಸುಗಂಧ ಹಚ್ಚಿಕೊಂಡು ಬರಬೇಡಿ. ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ನೊರೆ ಬೇಗ ಸಾಯುತ್ತದೆ, ವಾಸನೆಯೂ ಕೆಡುತ್ತದೆ.

ಬಾಯಿ ಸ್ವಲ್ಪ ಒಳಕ್ಕೆ ಬಾಗಿದ ಗ್ಲಾಸ್ ಒಳ್ಳೆಯದು. ಅರ್ಧದಷ್ಟೂ ತುಂಬಬೇಡಿ. ಕುಡಿಯುವ ಮೊದಲು ಸಣ್ಣ ಸಣ್ಣ ಉಸಿರಿನಲ್ಲಿ ಎರಡು ಸಲ ಮೂಸಿ. ಉದ್ದಕ್ಕೆ ಎಳೆದರೆ ಮೂಗು ಬೇಗ ಮರಗಟ್ಟುತ್ತದೆ. ಮೊದಲ ಅನಿಸಿಕೆ ಆಗಲೇ ಬರೆಯಿರಿ, ಗೆಳೆಯರ ಬಾಯಿ ತೆರೆಯುವ ಮುಂಚೆ. ಆಮೇಲೆ ಗುಟುಕು, ಮೂಗಿನಿಂದ ಉಸಿರು. ತಣ್ಣಗಿನ ಬಿಯರ್‌ಗೆ 5ರಿಂದ 7 ಡಿಗ್ರಿಯಲ್ಲಿ ಶುರು ಮಾಡಿ. ನಂತರ ಗ್ಲಾಸ್ ಹಾಗೇ ಬಿಟ್ಟು, 12 ಡಿಗ್ರಿ ಸುಮಾರಿಗೆ ಬಂದಾಗ ಮತ್ತೊಮ್ಮೆ ನೋಡಿ. ಫ್ಲೇವರ್ಡ್ ಬಿಯರ್‌ನ ಬಂಡವಾಳ ಬಯಲಾಗುವುದು ಈ ಹಂತದಲ್ಲಿ. ಗ್ಯಾಸ್ ಇಳಿದಿರುತ್ತದೆ, ತಣ್ಣಗಿನ ಮರೆ ಹೋಗಿರುತ್ತದೆ. ಚೆನ್ನಾಗಿ ಮಾಡಿದ್ದರಲ್ಲಿ ಆಗಲೂ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರುಚಿ ಸಿಗುತ್ತದೆ, ಹಣ್ಣು ಅದರ ಜೊತೆ ಕೂತಿರುತ್ತದೆ. ಕಳಪೆಯದು ಅಂಟಂಟು ಸಿಹಿಯಾಗಿ ಬಿಡುತ್ತದೆ. ನಾನಂತೂ ಅಂಕ ಕೊಡುವುದು ಈ ಕೊನೆಯ ಗುಟುಕಿಗೇ.

ಲೇಬಲ್‌ನ ಕಾಟ ತಪ್ಪಿಸಲು ಬೇರೆಯವರಿಂದ ಸುರಿಸಿ, ಗ್ಲಾಸಿಗೆ ನಂಬರ್ ಹಾಕಿಸಿ. ಎರಡು ಬಿಯರ್ ನಿಜಕ್ಕೂ ಬೇರೆ ಅನಿಸುತ್ತವಾ ಎಂಬ ಅನುಮಾನ ಇದ್ದರೆ ಮೂರು ಗ್ಲಾಸ್ ಪರೀಕ್ಷೆ ಇದೆ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಕಾರ್ಲ್ಸ್‌ಬರ್ಗ್ ಬ್ರೂವರಿಯವರು 1940ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು, ಈಗ ಎಲ್ಲ ಕಡೆ ನಡೆಯುತ್ತದೆ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಐದು ಸಲ ಮಾಡಿ ನಾಲ್ಕು ಸಲವಾದರೂ ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಇದನ್ನು ಎರಡು ಸಂಜೆಗೆ ಹಂಚಿಕೊಳ್ಳಿ. ಬಣ್ಣ ಬೇರೆ ಇದ್ದರೆ ಕಪ್ಪು ಗ್ಲಾಸ್ ಬಳಸಿ, ಇಲ್ಲದಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಆದರೆ ಕುರುಡು ಪರೀಕ್ಷೆಗೂ ಒಂದು ತೊಂದರೆ ಇದೆ. ಹೆಸರು ತಿಳಿಯದೆ ರುಚಿ ನೋಡಿದಾಗ ಹುಳಿ ಬಿಯರ್‌ನ ಹುಳಿಯನ್ನೇ ದೋಷ ಎಂದು ಬರೆದುಬಿಡುವ ಅಪಾಯ. ಮೊದಲು ಕುರುಡಾಗಿ ನೋಡಿ, ನಂತರ ಲೇಬಲ್ ಓದಿ, ಎರಡು ಸಾಲು ಬೇರೆ ಬೇರೆ ಬರೆಯಿರಿ.

ಪದಗಳಿಗೆ ತಡಕಾಡುವವರಿಗೆ ಬಿಯರ್ ರುಚಿಯ ಸಂಶೋಧಕ ಮಾರ್ಟನ್ ಮೈಲ್‌ಗಾರ್ಡ್ 1970ರ ದಶಕದಲ್ಲಿ ಮಾಡಿದ ಬಿಯರ್ ರುಚಿ ಚಕ್ರ ಇದೆ, 122 ಪದಗಳದ್ದು. ಎಲ್ಲ ಬೇಕಿಲ್ಲ. 'ಹಣ್ಣು' ಅಂತ ನಿಲ್ಲಿಸದೆ ಯಾವ ಹಣ್ಣು, ಕಾಯೋ ಹಣ್ಣೋ, ಹಸಿಯೋ ಬೇಯಿಸಿದ್ದೋ, ಸಿಪ್ಪೆಯೋ ತಿರುಳೋ ಎಂದು ಕೇಳಿಕೊಂಡರೆ ಸಾಕು. 'ಬೇಯಿಸಿದ ಚೆರ್ರಿ, ಬಾದಾಮಿ, ಸಿಹಿ ಜಾಸ್ತಿ, ನುಂಗಿದ ಮೇಲೆ ಬೇಗ ಖಾಲಿ' ಅನ್ನುವ ಒಂದು ಸಾಲು 'ಸೂಪರ್, ರಿಫ್ರೆಶಿಂಗ್' ಅನ್ನುವ ಒಂದು ಪುಟಕ್ಕೆ ಸಮ.

ಫ್ಲೇವರ್ ಕೆಲವು ಸಲ ದೋಷಕ್ಕೆ ಪರದೆಯೂ ಆಗುತ್ತದೆ. ಹಸಿರು ಸೇಬಿನ ವಾಸನೆ ಸೇಬಿನಿಂದಲೇ ಬಂದಿರಬೇಕಿಲ್ಲ. ಪೂರ್ತಿ ಹುದುಗದ ಬಿಯರ್‌ನ ಅಸಿಟಾಲ್ಡಿಹೈಡ್ ಕೂಡ ಹಾಗೇ ಇರುತ್ತದೆ. ಕ್ಯಾರಮೆಲ್ ಸ್ಟೌಟ್‌ನ (ಸ್ಟೌಟ್ ಅಂದರೆ ಹುರಿದ ಧಾನ್ಯದ ಕಪ್ಪು ಬಿಯರ್) ಬೆಣ್ಣೆ ರುಚಿ ಡೈಅಸಿಟೈಲ್ ಆಗಿರಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳೆಯದು. ಬಣ್ಣವಿಲ್ಲದ ಅಥವಾ ಹಸಿರು ಗಾಜಿನ ಬಾಟಲಿಯಲ್ಲಿ ಬಿಸಿಲು ಕಂಡ ಬಿಯರ್‌ಗೆ ಸ್ಕಂಕ್ ಪ್ರಾಣಿಯ ನಾತ ಬರುತ್ತದೆ. ಹಾಪ್ಸ್‌ನ ಕಹಿ ವಸ್ತು ಬೆಳಕಿಗೆ ಒಡೆದು ಹೀಗಾಗುತ್ತದೆ. ಕಂದು ಬಾಟಲಿ ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ಇಂಥದು ಕಂಡಾಗ ಫ್ಲೇವರನ್ನು ಬೈಯುವ ಮುಂಚೆ ಪ್ಯಾಕ್ ಆದ ದಿನಾಂಕ ನೋಡಿ.

ವೋಡ್ಕಾ, ಜಿನ್, ಲಿಕರ್ (ಸಿಹಿ ಮತ್ತು ಫ್ಲೇವರ್ ಬೆರೆಸಿದ ಮದ್ಯ) ಇವುಗಳಿಗೆ ದಾರಿ ಸ್ವಲ್ಪ ಬೇರೆ. ಶೇ 40ರ ಮದ್ಯದಲ್ಲಿ ಆಲ್ಕೋಹಾಲ್‌ನ ಉರಿಯೇ ಮುಂದೆ ಬಂದು ನಿಲ್ಲುತ್ತದೆ. ಮದ್ಯ ಬೆರೆಸುವ ವೃತ್ತಿಯವರು ಅದಕ್ಕೆ ಅಷ್ಟೇ ನೀರು ಹಾಕಿ ಶೇ 20ರ ಸುಮಾರಿಗೆ ಇಳಿಸಿ ಮೂಸುತ್ತಾರೆ. ನೀರು ಹಾಕಿದಾಗ ಒಳ್ಳೆಯ ಫ್ಲೇವರ್ ಬಿಚ್ಚಿಕೊಳ್ಳುತ್ತದೆ, ಅಗ್ಗದ್ದು ಮಿಠಾಯಿ ಕಾಗದದ ವಾಸನೆಗೆ ಇಳಿಯುತ್ತದೆ. ಲಿಕರ್ ಸಿಹಿ ಎಂದು ದೂರಬೇಡಿ. ಯುರೋಪಿನ ನಿಯಮದಲ್ಲಿ ಬಹುತೇಕ ಲಿಕರ್‌ಗಳಿಗೆ ಲೀಟರ್‌ಗೆ ಕನಿಷ್ಠ 100 ಗ್ರಾಂ ಸಕ್ಕರೆ ಇರಲೇಬೇಕು. ಅದೇ ರೀತಿ ಜೇನು, ಹಣ್ಣು ಬೆರೆಸಿದ ಮದ್ಯವನ್ನು ಸ್ಕಾಚ್ ವಿಸ್ಕಿ ಎಂದು ಮಾರುವಂತಿಲ್ಲ. ಅದಕ್ಕೆ ಬೇರೆ ಹೆಸರು ಇರುತ್ತದೆ. ಆಯಾ ಜಾತಿಯನ್ನು ಆಯಾ ಜಾತಿಯ ಅಳತೆಯಲ್ಲೇ ಅಳೆಯಿರಿ.

ತಲೆನೋವು ಮತ್ತು ಉಗುಳುವುದು

ಫ್ಲೇವರ್ ವಸ್ತುಗಳನ್ನು ಹಾಕುವುದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮರುದಿನದ ತಲೆನೋವಿಗೆ ಮೊದಲು ಅನುಮಾನಿಸಬೇಕಾದದ್ದು ಆಲ್ಕೋಹಾಲನ್ನೇ. ಲೆಕ್ಕ ಹಾಕೋಣ. 330 ಎಂಎಲ್‌ನ ಶೇ 5ರ ಒಂದು ಕ್ಯಾನ್‌ನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್. ನಾಲ್ಕು ಕ್ಯಾನ್‌ನ ಅರ್ಧ ಅಂದರೆ 26 ಗ್ರಾಂ. ಶೇ 37.5ರ ವೋಡ್ಕಾ 30 ಎಂಎಲ್‌ನಲ್ಲಿ ಸುಮಾರು 9 ಗ್ರಾಂ, ಎರಡಕ್ಕೆ 18. ಒಟ್ಟು 44 ಗ್ರಾಂ. ದೇಹ ಗಂಟೆಗೆ ಹೊರಹಾಕುವುದು ಸಾಮಾನ್ಯವಾಗಿ 7ರಿಂದ 10 ಗ್ರಾಂ. 'ಬರೀ ಸ್ಯಾಂಪಲ್' ಅಂದುಕೊಂಡು ನೀವು ಮೂರೂವರೆ ಕ್ಯಾನ್ ಬಿಯರ್‌ಗೆ ಸಮ ಕುಡಿದಿದ್ದೀರಿ. ಸಿಹಿ ಅದರ ಉರಿಯನ್ನು ಮುಚ್ಚಿಟ್ಟಿತ್ತು. ಅದೇ ಆರನ್ನು ಬಿಯರ್ 30, ವೋಡ್ಕಾ 10 ಎಂಎಲ್‌ನಂತೆ ನೋಡಿದ್ದರೆ 11 ಗ್ರಾಂ ಒಳಗೆ ಮುಗಿಯುತ್ತಿತ್ತು.

ಬಿಯರ್ ಮತ್ತು ಬೇರೆ ಡ್ರಿಂಕ್ ಮಿಕ್ಸ್ ಮಾಡಿದ್ದರಿಂದ ಹೀಗಾಯಿತು ಅನ್ನುವವರೂ ಸಿಗುತ್ತಾರೆ. ಜರ್ಮನಿಯಲ್ಲಿ 90 ಜನರ ಮೇಲೆ ಬಿಯರ್ ಮೊದಲೋ ವೈನ್ ಮೊದಲೋ ಎಂದು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಕ್ರಮದಿಂದ ಹ್ಯಾಂಗೋವರ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಸ್ವಲ್ಪವೇ ಕುಡಿದರೂ ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಮೈ ತುರಿಸುವುದು ಇದ್ದರೆ ಅದು ಬೇರೆ ಕಥೆ, ವೈದ್ಯರನ್ನು ಕೇಳಿ. ಮಿಲ್ಕ್‌ಶೇಕ್ ಮಾದರಿಯ ಬಿಯರ್‌ಗಳಲ್ಲಿ ಹಾಲಿನ ಸಕ್ಕರೆ ಇರುತ್ತದೆ, ಕೆಲವು ಸ್ಟೌಟ್‌ಗಳಲ್ಲಿ ಬಾದಾಮಿ, ಗೋಡಂಬಿಯಂಥ ಬೀಜಗಳೂ. ಅಲರ್ಜಿ ಇರುವವರು ಲೇಬಲ್‌ನ ಹಿಂಬದಿ ಓದಲೇಬೇಕು.

ಉಗುಳಬಹುದಾ? ಧಾರಾಳವಾಗಿ. ನುಂಗದೆಯೂ ಕಹಿ ಸಿಗುತ್ತದೆ, ಮೂಗಿನಿಂದ ಉಸಿರು ಬಿಟ್ಟರೆ ಪರಿಮಳವೂ ಸಿಗುತ್ತದೆ. ನುಂಗಿದ ನಂತರ ಗಂಟಲಲ್ಲಿ ಉಳಿಯುವ ರುಚಿ ಮಾತ್ರ ಸ್ವಲ್ಪ ತಪ್ಪಿಹೋಗಬಹುದು. ಅದಕ್ಕೆ ನಾನು ಬಿಯರ್‌ಗೆ ಒಂದು ಸಣ್ಣ ಗುಟುಕು ನುಂಗಿ ಉಳಿದದ್ದನ್ನು ಉಗುಳುತ್ತೇನೆ. ವೋಡ್ಕಾದಂಥ ಖಡಕ್ ಮದ್ಯವನ್ನು ಪೂರ್ತಿ ಉಗುಳುತ್ತೇನೆ. ಉಗುಳಿದರೂ ಒಂದಿಷ್ಟು ದೇಹಕ್ಕೆ ಸೇರಿಯೇ ಸೇರುತ್ತದೆ. ಗಾಡಿ ಓಡಿಸುವ ಯೋಚನೆ ಇದ್ದರೆ ಅಂದು ರುಚಿ ನೋಡುವುದೇ ಬೇಡ. ಮೆಟ್ರೊನಿಡಜೋಲ್‌ನಂಥ ಆ್ಯಂಟಿಬಯೋಟಿಕ್ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ ಉಗುಳುವುದೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಿಂದಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಣ್ಣಿನ ಫ್ಲೇವರ್ ಇದ್ದ ಮಾತ್ರಕ್ಕೆ ಅದರಿಂದ ರಿಯಾಯಿತಿ ಇಲ್ಲ. ವಿಮರ್ಶೆ ಬರೆಯಲು ಅಂತ ಶುರುವಾದದ್ದು ಬರೆಯದ ದಿನವೂ ಬೇಕು ಅನಿಸತೊಡಗಿದರೆ ಪುಸ್ತಕ ಮುಚ್ಚಿಟ್ಟು ಯಾರ ಹತ್ತಿರವಾದರೂ ಮಾತಾಡಿ. ನನ್ನ ವೃತ್ತಿಯಲ್ಲಿ ಆ ಮಾತು ತಡವಾಗಿ ಆಡಿದವರನ್ನು ಕಂಡಿದ್ದೇನೆ. ಮೂಗಿನ ಅಭ್ಯಾಸಕ್ಕೆ ಮಾತ್ರವಾದರೆ ಆಲ್ಕೋಹಾಲ್ ಇಲ್ಲದ ಫ್ಲೇವರ್ಡ್ ಬಿಯರ್ ಸಾಕಷ್ಟಾಯಿತು. ಹಲವು ದೇಶಗಳಲ್ಲಿ ಅದಕ್ಕೆ ಶೇ 0.5ರ ಮಿತಿ ಇದೆ, ಅಂದರೆ ಪೂರ್ತಿ ಸೊನ್ನೆ ಅಂದುಕೊಳ್ಳಬೇಡಿ. ಬಾಯಿಗೆ ಬಿಯರ್ ತೆಳ್ಳಗೆ ಅನಿಸುತ್ತದೆ, ಆದರೆ ಹಣ್ಣು, ಹಾಪ್ಸ್ ಗುರುತಿಸಲು ತೊಂದರೆ ಇಲ್ಲ.

ಕೊನೆಗೆ ಉಳಿದ ಕ್ಯಾನ್‌ಗಳು. ಕಪಾಟು ಬೇಡ, ಫ್ರಿಜ್‌ನಲ್ಲಿಡಿ. ಹಾಪ್ಸ್ ಮತ್ತು ಹಣ್ಣಿನ ಘಮಕ್ಕಾಗಿ ಮಾಡಿದ ಬಿಯರ್ ತಾಜಾ ಇದ್ದಷ್ಟೂ ಒಳ್ಳೆಯದು, ಇಟ್ಟು ಹಣ್ಣಾಗುವುದೇನೂ ಇಲ್ಲ. ವರ್ಷಗಟ್ಟಲೆ ಇಡಬಹುದಾದವು ಲ್ಯಾಂಬಿಕ್‌ನಂಥ ಹುಳಿ ಬಿಯರ್, ಆಲ್ಕೋಹಾಲ್ ಜಾಸ್ತಿ ಇರುವ ಗಾಢ ಸ್ಟೌಟ್‌ನಂಥ ಕೆಲವೇ. ಪಾಶ್ಚರೀಕರಿಸದೆ ಹಣ್ಣಿನ ತಿರುಳು ತುಂಬಿಸಿದ ಕ್ಯಾನ್‌ಗಳ ಬಗ್ಗೆ ಎಚ್ಚರ. ಬೆಚ್ಚಗಿನ ಜಾಗದಲ್ಲಿ ಒಳಗಿನ ಯೀಸ್ಟ್ ಮತ್ತೆ ಎದ್ದು ಸಕ್ಕರೆ ತಿನ್ನತೊಡಗಿದರೆ ಗ್ಯಾಸ್ ತುಂಬಿ ಕ್ಯಾನ್ ಸಿಡಿಯಬಹುದು. ತಳ ಅಥವಾ ಮೇಲ್ಭಾಗ ಉಬ್ಬಿದ್ದು ಕಂಡರೆ ಮುಖದ ಹತ್ತಿರ ಹಿಡಿಯಬೇಡಿ. ಬಟ್ಟೆ ಸುತ್ತಿ ಚೆನ್ನಾಗಿ ತಣ್ಣಗೆ ಮಾಡಿ, ಸಿಂಕ್ ಒಳಗಿಟ್ಟು ನಿಧಾನಕ್ಕೆ ತೆರೆದು ಚೆಲ್ಲಿಬಿಡಿ. ಅದಕ್ಕೆ ಅಂಕ ಕೊಡುವ ಅಗತ್ಯವೂ ಇಲ್ಲ.